ಬಬಲೇಶ್ವರದ ಮಾಮಾಗೆ ಯಾವ ಆ್ಯಪ್?

"ಮೈಕ್ ಗುರುತು ಒತ್ರಿ ಮಾಮಾ" ಅಂದೆ. "ಹೂಂ" ಅಂದರು. ಅವರ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ಪುಟ ಮುಚ್ಚಿಹೋಯಿತು.

ಮತ್ತೆ ತೆರೆದರು. ಮತ್ತೆ "ಮೈಕ್" ಅಂದೆ. ಮತ್ತೆ "ಹೂಂ". ಮತ್ತೆ ಮುಚ್ಚಿಹೋಯಿತು.

ಮೂರನೇ ಸಲ ಅವರೇ ಫೋನಿನಲ್ಲಿ ಹೇಳಿದರು: "ಸುಮಾ, ಎಲ್ಲಾ ಹೋತು ನೋಡವಾ. ನಿಮ್ಮ ಕಡೆ ರೈಲು ಹೊಂಟೈತೇನು? ಸಪ್ಪಳದಾಗ ಸರಿ ಕೇಳಸವಲ್ದು."

ನನ್ನ ಮನೆ ಇರೋದು ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರ. ನಿಜ. ಆದರೆ ಬೆಳಗಿನ ಆ ಹನ್ನೊಂದು ಗಂಟೆಗೆ ಹಳಿ ಮೇಲೆ ಒಂದು ಆಡು ಮಾತ್ರ ನಿಂತಿತ್ತು.

ಮಾಮಾ ಅಂದರೆ ನಮ್ಮ ಗಂಗಕ್ಕನ ಗಂಡ, ಸಂಗಪ್ಪ ಮಾಸ್ತರು. ಹೊನವಾಡದ ಶಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಈಗ ಬಬಲೇಶ್ವರದಲ್ಲಿ ಸ್ವಂತ ಮನೆ, ಮಗ, ಸೊಸೆ, ಊರಾಚೆ ಒಂದಿಷ್ಟು ದ್ರಾಕ್ಷಿ ತೋಟ. ಜೊತೆಗೆ ಕಾಲುವೆ ನೀರು ಬಳಸುವ ರೈತರ ಸಂಘವೊಂದಕ್ಕೆ ಕಾರ್ಯದರ್ಶಿ. ತಿಂಗಳಿಗೊಮ್ಮೆ ಸಭೆ. ಯಾರು ಏನಂದರು, ಯಾವ ತೀರ್ಮಾನ ಆಯಿತು ಅನ್ನುವ ನಡಾವಳಿ ಬರೆಯೋದು ಮಾಮಾನ ಕೆಲಸ.

ಇನ್ನು ನಾನು. ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಮದುವೆ ಕಾರ್ಡು, ಪ್ರಶ್ನೆಪತ್ರಿಕೆ, ವಾರಕ್ಕೊಂದು ಈ ಅಂಕಣ. ಹೀಗಾಗಿ ಬಂಧುಬಳಗದ ಪಾಲಿಗೆ ನಾನು ಕಂಪ್ಯೂಟರ್ ಎಕ್ಸ್‌ಪರ್ಟ್. (ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದೆ ಎಳೆಯಬಲ್ಲೆ. ಇಷ್ಟೇ ನನ್ನ ಅರ್ಹತೆ.)

ಮಾಮಾನ ಬೇಡಿಕೆ ಸಣ್ಣದು. ಸೊಸೆ ಬಿಟ್ಟ ಹಳೆಯ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಕನ್ನಡ ಟೈಪ್ ಮಾಡಲು ಅವರಿಗೆ ಚೆನ್ನಾಗಿ ಬರುತ್ತದೆ. ಈಗ ಬಾಯಲ್ಲಿ ಮಾತಾಡಿದರೆ ತಾನೇ ಅಕ್ಷರ ಬರೆದುಕೊಳ್ಳುವ ವ್ಯವಸ್ಥೆ ಬೇಕು.

"ಯಾಕ ಮಾಮಾ, ಕೈ ನೋಯಾಕತ್ತಾವೇನು?" ಅಂತ ಕೇಳಿದೆ.

"ಹೂಂ" ಅಂದರು.

ಸೊಸೆ ಹೈಸ್ಕೂಲ್ ಟೀಚರ್, ಅವಳನ್ನೇ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಅವಳು ಶಾಲೆಗೆ ಹೋದ ಮೇಲೇ ನನಗೆ ಫೋನ್ ಬರುತ್ತಿತ್ತು. ಅದೂ ನನಗೆ ವಿಚಿತ್ರ ಅನಿಸಲಿಲ್ಲ.

ಮೂರು ದಿನ ಫೋನಿನಲ್ಲಿ ಒದ್ದಾಡಿದೆ. ನಾಲ್ಕನೇ ದಿನ ತಾಳ್ಮೆ ಹರಿಯಿತು. "ಒಂದನೇತ್ತೆ ಹುಡುಗರಿಗೂ ಇಷ್ಟು ಸಲ ಹೇಳೂದು ಬೇಕಾಗಿಲ್ಲ ಮಾಮಾ!" ಅಂತ ಕೂಗಿಬಿಟ್ಟೆ.

ಆ ಕಡೆಯಿಂದ "ಹೂಂ, ಆತು" ಅಂದರು. ಫೋನಿಟ್ಟರು.

ತಪ್ಪು ನನ್ನದಲ್ಲ, ಸಾಧನದ್ದು ಅಂದುಕೊಂಡೆ. (ಎಕ್ಸ್‌ಪರ್ಟ್‌ಗಳು ಯಾವಾಗಲೂ ಹಾಗೇ ಅಂದುಕೊಳ್ಳುತ್ತಾರೆ.) ಬರೀ ಫೋನಿನಲ್ಲಿ ಕಂಪ್ಯೂಟರ್ ಕಲಿಸೋದು ಕಷ್ಟ. ಒಳ್ಳೆಯ ಮೆಸೇಜಿಂಗ್ ಆ್ಯಪ್ ಒಂದನ್ನು ಆರಿಸಬೇಕು. ಅವರ ಪರದೆ ನನಗೆ ಕಾಣಬೇಕು. ಹಳೆಯ ಲ್ಯಾಪ್‌ಟಾಪ್ ಸುಸ್ತಾಗಬಾರದು. ಕನ್ನಡ ಒತ್ತಕ್ಷರ ಒಡೆದುಹೋಗಬಾರದು. ಮಾಮಾನ ಹತ್ತಿರ ಇರೋದು ಬಟನ್ ಫೋನು, ಹಾಗಾಗಿ ಸ್ಮಾರ್ಟ್‌ಫೋನ್ ಕೇಳುವ ಆ್ಯಪ್ ಆಗಬಾರದು. ಮದುವೆ ಗಂಡು ಹುಡುಕುವಾಗಲೂ ನಮ್ಮಪ್ಪ ಇಷ್ಟು ಶರತ್ತು ಹಾಕಿರಲಿಲ್ಲ.

ಮೊದಲು ಎಲ್ಲರ ಫೋನಿನಲ್ಲೂ ಇರುವ ಆ ಹಸಿರು ಆ್ಯಪ್. ಅಕ್ಕನ ಸ್ಮಾರ್ಟ್‌ಫೋನನ್ನು ಮಾಮಾನ ಲ್ಯಾಪ್‌ಟಾಪಿಗೆ ಜೋಡಿಸಿದೆವು. ಜೋಡಿಸಿದ ಮರುಕ್ಷಣ ಅಕ್ಕನ ಎಲ್ಲ ಮೆಸೇಜು ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಅಕ್ಕ ಕಿರುಚಿದಳು: "ಏ, ತಗೀ ಅದನ್ನ! ನಮ್ಮ ಅಕ್ಕ-ತಂಗ್ಯಾರ ಮಾತು ಇವರ‍್ಯಾಕ ಓದಬೇಕು?"

(ಆ ಗ್ರೂಪಿನಲ್ಲಿ ಅರ್ಧ ಚರ್ಚೆ ಮಾಮಾನ ಬಗ್ಗೆಯೇ. ಅಕ್ಕನ ಆಕ್ಷೇಪಣೆ ನ್ಯಾಯವಾಗಿತ್ತು.)

ಎರಡನೆಯದು, ನಾನಿಲ್ಲಿ ಮೌಸ್ ಆಡಿಸಿದರೆ ಅಲ್ಲಿ ಬಾಣದ ಗುರುತು ಓಡಾಡುವಂಥ ಸಾಫ್ಟ್‌ವೇರ್. ಮೇಲ್‌ನಲ್ಲಿ ಲಿಂಕ್ ಕಳಿಸಿ, ಬರುವ ಸಂಖ್ಯೆ ಓದಿ ಹೇಳಿ ಎಂದು ಬರೆದೆ. ತಕ್ಷಣ ಇಳಿಸಿಕೊಂಡರು. ಪರದೆಯ ಮೇಲಿನ ಸಂಖ್ಯೆ ಓದಿ ಹೇಳಿದರು, ಒಂದಂಕಿ ತಪ್ಪಿಲ್ಲ. "ಈಗ ಒಂದು ಬಾಕ್ಸ್ ಬರತೈತಿ, ಒಪ್ಪಿಗೆ ಒತ್ರಿ" ಅಂದೆ. "ಹೂಂ." ನಿರಾಕರಣೆ ಒತ್ತಿದರು. ಮತ್ತೆ ಹೇಳಿದೆ. ಮತ್ತೆ ನಿರಾಕರಣೆ. ಕೊನೆಗೆ ಅವರೇ ವಿವರಿಸಿದರು: "ಗುರ್ತಿಲ್ಲದವರಿಗೆ ಒಪ್ಪಿಗಿ ಕೊಡಬ್ಯಾಡ್ರಿ ಅಂತ ಬರದೈತಿ ಸುಮಾ. ನಾ ಕೊಡಂಗಿಲ್ಲ."

ಮೂರನೆಯದು ವಿಡಿಯೋ ಮೀಟಿಂಗ್. ಇದು ಪರವಾಗಿಲ್ಲ ಅನಿಸಿತು. ಮಾಮಾನ ಮುಖ ಕಂಡಿತು, ಪರದೆಯೂ ಕಂಡಿತು. ಆದರೆ ಅವರು ಪರದೆಯ ಕೆಲಸ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಕಣ್ಣು ಕೀಲಿಸಿ, ಬಾಯಿಯನ್ನೇ. "ನನ್ನ ಏನ್ ನೋಡತೀರಿ, ಅಲ್ಲಿ ನೋಡ್ರಿ" ಅಂದೆ. ಆದರೂ ಒಂದೆರಡು ಹೆಜ್ಜೆ ಮುಂದೆ ಹೋದೆವು. ಅಷ್ಟರಲ್ಲಿ ನೆಟ್ ನಿಧಾನವಾಯಿತು. ಭಾರ ಕಡಿಮೆಯಾಗಲಿ ಅಂತ ನನ್ನ ಕ್ಯಾಮೆರಾ ಬಂದ್ ಮಾಡಿದೆ. ಅಲ್ಲಿಗೆ ಮಾಮಾ ಪೂರ್ತಿ ನಿಂತುಹೋದರು. ಏನು ಹೇಳಿದರೂ "ಹೂಂ, ಹೂಂ".

ಮೇಲ್‌ನಲ್ಲಿ ಬರೆದು ಕಳಿಸಿದ್ದನ್ನು ಮಾತ್ರ ತಪ್ಪದೆ ಮಾಡುತ್ತಾರೆ. ಬಾಯಲ್ಲಿ ಹೇಳಿದ್ದು ಆಗುವುದಿಲ್ಲ. ನನಗೆ ಆಗಲೇ ಏನಾದರೂ ಹೊಳೆಯಬೇಕಿತ್ತಲ್ಲವೇ? ಹೊಳೆಯಲಿಲ್ಲ. ನಾನು ಇನ್ನೊಂದು ಆ್ಯಪ್ ಹುಡುಕಿದೆ.

ನಾಲ್ಕನೆಯದು ಬಡಪಾಯಿ. ಧ್ವನಿ ಇಲ್ಲ, ಚಿತ್ರ ಇಲ್ಲ. ಮೇಲ್ ಐಡಿ ಇದ್ದರೆ ಸಾಕು, ಒಂದು ಪುಟ ತೆರೆದುಕೊಳ್ಳುತ್ತದೆ, ಅದರಲ್ಲಿ ಬರೀ ಟೈಪ್ ಮಾಡಬಹುದು. ಹಗುರ ಅನ್ನುವ ಒಂದೇ ಕಾರಣಕ್ಕೆ ಆರಿಸಿದೆ. ಲಿಂಕ್ ಕಳಿಸಿದೆ. ಮಾಮಾ ಬಂದರು.

"ಮಾತು ಬರೆದುಕೊಳ್ಳುವ ಆ ಹಳೆಯ ಪುಟದಲ್ಲಿ ಬಲಗಡೆ ಮೇಲೆ ಮೈಕಿನ ಗುರುತು ಇದೆ. ಒತ್ತಿ" ಎಂದು ಬರೆದೆ.

"ಒತ್ತಿದೆ. ಕೆಂಪಾಯಿತು. ಮುಂದೆ?"

"ಅನುಮತಿ ಕೇಳುತ್ತೆ. ಕೊಡಿ."

"ಕೊಟ್ಟೆ. ಭಾಷೆಯ ಪಟ್ಟಿಯಲ್ಲಿ ಕನ್ನಡ ಆರಿಸಲೇ?"

ನಾನು ಹೇಳುವ ಮೊದಲೇ ಕೇಳುತ್ತಿದ್ದಾರೆ! ಹತ್ತು ನಿಮಿಷ. ಎರಡು ವಾರ ಆಗದ್ದು ಹತ್ತು ನಿಮಿಷದಲ್ಲಿ ಮುಗಿಯಿತು. ನಡುವೆ ನಾನು ಅವಸರದಲ್ಲಿ "ಅಭ್ಯಾಸ"ಕ್ಕೆ ಅಲ್ಪಪ್ರಾಣ ಹಾಕಿದ್ದೆ, ಅದನ್ನೂ ತಿದ್ದಿದರು.

ಇವರೇನಾ ಫೋನಿನ ಮಾಮಾ? ತಡೆಯಲಾಗದೆ ಬರೆದೆ: "ಫೋನಿನಲ್ಲಿ ಯಾಕೆ ಹೀಗೆ ಮಾಡಲಿಲ್ಲ?"

ಆ ಕಡೆ ಟೈಪ್ ಮಾಡುತ್ತಿರುವ ಮೂರು ಚುಕ್ಕಿ ಕಂಡವು. ಮಾಯವಾದವು. ಮತ್ತೆ ಕಂಡವು. ಮತ್ತೆ ಮಾಯ. ನಾನು ಒಲೆಯ ಮೇಲಿನ ಕುಕ್ಕರ್ ಇಳಿಸಿ ಬಂದರೂ ಉತ್ತರ ಬಂದಿರಲಿಲ್ಲ. ಆಮೇಲೆ ಬಂತು.

"ಫೋನಿನಲ್ಲಿ ನೀನು ಹೇಳುವುದು ನನಗೆ ಕೇಳಿಸುವುದಿಲ್ಲ ಸುಮಾ. ದನಿ ಬರುತ್ತದೆ, ಮಾತು ಬಿಡಿಸಿ ಕೇಳುವುದಿಲ್ಲ. ಎರಡು ವರ್ಷವಾಯಿತು. ಮನೆಯಲ್ಲಿ ಹೇಳಬೇಡ."

ದಿನವಿಡೀ ಅಕ್ಷರ ಜೋಡಿಸುವವಳು ನಾನು, ಒಂದು ವಾಕ್ಯ ಬರೆದು ಮೂರು ಸಲ ಅಳಿಸಿದೆ. ಕೊನೆಗೆ, ಆವತ್ತು ಒಂದನೇತ್ತೆ ಹುಡುಗರ ಮಾತು ಆಡಿದ್ದು ತಪ್ಪಾಯಿತು, ಕ್ಷಮಿಸಿ ಎಂದು ಬರೆದೆ.

"ಯಾವ ಮಾತು? ನನಗೆ ಕೇಳಿಸಿರಲಿಲ್ಲ" ಎಂದರು.

ಅದು ನಿಜವೋ, ನನ್ನ ಮರ್ಯಾದೆ ಉಳಿಸಲು ಹೇಳಿದ್ದೋ? ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಿಲ್ಲ.

ಆಮೇಲೆ ಮಾಮಾ ಉಳಿದದ್ದನ್ನೂ ಬರೆದರು. ಮೈಕು ತಾವು ಮಾತಾಡಲು ಬೇಕಾಗಿರಲಿಲ್ಲ. ಎದುರಿಗಿರುವವರ ಮಾತು ಅಕ್ಷರವಾದರೆ ಓದಿಕೊಳ್ಳಬಹುದು ಅಂತ. ಸಭೆಯಲ್ಲಿ ಇಷ್ಟು ದಿನ ಬಾಯಿ ನೋಡಿ, ಮುಖ ನೋಡಿ, ಅಂದಾಜಿನ ಮೇಲೆ ನಡಾವಳಿ ಬರೆಯುತ್ತಿದ್ದರು. ಹಿಂದಿನ ಸಭೆಯಲ್ಲಿ ನೀರಿನ ಪಾಳಿ ಬದಲಾಯಿಸುವ ಮಾತು ಬಂತು. ರುದ್ರಗೌಡರು ಅನ್ನುವ ರೈತರು "ನಾ ಒಪ್ಪಂಗಿಲ್ಲ" ಅಂದರು. ಮಾಮಾಗೆ "ಒಪ್ಪ" ಅಷ್ಟೇ ಕೇಳಿಸಿತು. "ಒಪ್ಪಿದರು" ಎಂದು ಬರೆದರು. ನಮ್ಮ ಭಾಷೆಯಲ್ಲಿ ಹೌದು-ಅಲ್ಲ ಎರಡೂ ಇರೋದು ಮಾತಿನ ಬಾಲದಲ್ಲಿ. ಬರತೀನಿ, ಬರಂಗಿಲ್ಲ. ಕೊಡತೀನಿ, ಕೊಡಂಗಿಲ್ಲ. ಬಾಲ ಕೇಳದವನು ಏನು ಮಾಡಬೇಕು?

ಎಲ್ಲರೂ ಒಪ್ಪಿದರೆ ಮಾತ್ರ ಪಾಳಿ ಬದಲು, ನೀರು ಬಿಡುವವರು ನೋಡೋದು ನಡಾವಳಿಯನ್ನೇ. ಆ ಒಂದು ಸಾಲಿನಿಂದ ರುದ್ರಗೌಡರ ದ್ರಾಕ್ಷಿಗೆ ಒಂದು ಪಾಳಿ ನೀರು ತಪ್ಪಿತು. ಅವರು ಮನೆ ಬಾಗಿಲಿಗೇ ಬಂದು, "ಮಾಸ್ತರ, ನನ್ನ ಮಾತು ತಿರುವಿ ಬರದೀರಿ" ಅಂದು ಹೋಗಿದ್ದರು. ಮಾಸ್ತರು ಒಂದು ಕಡೆ ವಾಲಿದ್ದಾರೆ ಎಂದು ಊರಲ್ಲಿ ಮಾತು ಹಬ್ಬಿತ್ತು.

"ಸುಳ್ಳು ಬರೆಯುವವನು ಎನಿಸಿಕೊಳ್ಳಬೇಕು, ಇಲ್ಲವೇ ಕಿವುಡ ಎನಿಸಿಕೊಳ್ಳಬೇಕು. ಭಾನುವಾರ ಸಭೆ ಇದೆ" ಎಂದು ಮಾಮಾ ನಿಲ್ಲಿಸಿದ್ದರು.

ಭಾನುವಾರ ಬೆಳಿಗ್ಗೆ ಬಬಲೇಶ್ವರದ ಬಸ್ಸು ಹತ್ತಿದೆ.

ಮಾಮಾನ ಕೋಣೆಯ ಬಾಗಿಲು ಹಾಕಿ, ಲ್ಯಾಪ್‌ಟಾಪ್ ಮುಂದೆ ಕೂತು ಪರೀಕ್ಷೆ ಶುರು ಮಾಡಿದೆವು. "ನಾ ಮಾತಾಡಾಕತ್ತೀನಿ" ಅಂದೆ. ಪರದೆಯ ಮೇಲೆ ಬಂತು: "ನಾ ಮಾತಾಡ ಕತ್ತೆ ನೀನು."

ಮಾಮಾ ಓದಿದರು. ನನ್ನ ಮುಖ ನೋಡಿದರು. ಎರಡು ವಾರದಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕರು. "ಇದನ್ನ ಸಭಾದಾಗ ಇಟ್ರ ಬಡದಾಟ ಆಗತೈತಿ!"

ನಮ್ಮ ಮಾತು ಯಂತ್ರಕ್ಕೆ ತಿಳಿಯದು. "ನಾನು ಮಾತನಾಡುತ್ತಿದ್ದೇನೆ" ಅಂದರೆ ಮಾತ್ರ ವಿಧೇಯವಾಗಿ ಬರೆಯುತ್ತದೆ. ಅಂದರೆ ವಿಜಯಪುರ ಜಿಲ್ಲೆಯ ರೈತರು ನೀರಿನ ಜಗಳವನ್ನು ಪುಸ್ತಕದ ಕನ್ನಡದಲ್ಲಿ ಆಡಬೇಕು!

ನಗು ಕೇಳಿ ಅಕ್ಕ ಬಾಗಿಲು ತಳ್ಳಿ ಒಳಗೆ ಬಂದಳು. ಪರದೆ ನೋಡಿದಳು, ಗಂಡನನ್ನು ನೋಡಿದಳು. ಮಾಮಾ ತಲೆ ತಗ್ಗಿಸಿದರು. ಇನ್ನು ಮುಚ್ಚಿಡುವುದು ಹೇಗೆ ಅಂತ ನಾನು ತಡವರಿಸುತ್ತಿದ್ದಾಗ ಅಕ್ಕನೇ ಅಂದಳು: "ಏನ್ ಮುಚ್ಚತೀಯ ಬೇ? ನಾ ಒದರಿ ಮಾತಾಡಾಕತ್ತು ಎರಡ ವರ್ಷ ಆತು. ಓಣಿಗೆಲ್ಲಾ ಗೊತ್ತೈತಿ. ಇವರ ಬಾಯಿಲೆ ಬರ್ಲಿ ಅಂತ ನಾ ಸುಮ್ಮನಿದ್ದೆ."

ಅವಳು ಹೇಳಿದ್ದು ಮಾಮಾಗೆ ಚೆನ್ನಾಗಿ ಕೇಳಿಸಿತು. ಓಣಿಗೂ ಕೇಳಿಸಿರಬೇಕು.

ಸಂಜೆ ಸಂಘದ ಕೋಣೆಯಲ್ಲಿ ಜಮಖಾನೆ ಹಾಸಿತ್ತು. ಇಪ್ಪತ್ತು ಮಂದಿ ಇರಬಹುದು. ನಾನು ಲ್ಯಾಪ್‌ಟಾಪ್ ಜೋಡಿಸಿ ಮೂಲೆಯಲ್ಲಿ ಕೂತೆ. ರುದ್ರಗೌಡರು ಎದುರಿಗೇ ಇದ್ದರು. ಬಿಳಿ ಅಂಗಿ, ಬಿಗಿದ ಮುಖ. ಜಗಳಕ್ಕೆ ತಯಾರಾಗಿ ಬಂದಿದ್ದರು.

ಮಾಮಾ ಎದ್ದು ನಿಂತು ಹಳೆಯ ನಡಾವಳಿ ಓದಿದರು. ಆ ಸಾಲಿಗೆ ಬಂದಾಗ ನಿಂತರು.

"ಇದು ತಪ್ಪು ಬರದೀನ್ರಿ. ಗೌಡ್ರು ಒಪ್ಪಿಲ್ಲ. ನನಗ ಕೇಳಸಲಿಲ್ಲ. ನನ್ನ ಕಿವಿ ಹೋಗ್ಯಾವ. ಹೇಳಾಕ ನಾಚಿಕಿ ಬಂತು, ಅದಕ್ಕ ಸುಮ್ಮನಿದ್ದೆ. ಬ್ಯಾರೇದವರನ್ನ ಕಾರ್ಯದರ್ಶಿ ಮಾಡೂದಿದ್ರ ಇವತ್ತ ಮಾಡ್ರಿ."

ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಸರಿಪಡಿಸಿ, ಸಹಿ ಹಾಕಿದರು.

ರುದ್ರಗೌಡರು ಜಮಖಾನೆಯ ಅಂಚು ಕೆರೆಯುತ್ತ ಕೂತಿದ್ದರು. ಆಮೇಲೆ ತಲೆಯೆತ್ತಿ ಅಂದರು: "ಮಾಸ್ತರ, ಇದನ್ನ ಆವತ್ತ ನಿಮ್ಮ ಬಾಗಲದಾಗ ಹೇಳಬಾರದಿತ್ತೇನು? ನನ್ನ ಪಾಳಿ ಹೋತು. ಅದೇನ್ ತಿರುಗಿ ಬರಂಗಿಲ್ಲ."

ಮಾಮಾ ಅವರ ಬಾಯಿಯನ್ನೇ ನೋಡುತ್ತಿದ್ದರು. ಅರ್ಥವಾಯಿತು ಅಂತ ಕಾಣುತ್ತದೆ. ಹೌದೆಂದು ತಲೆಯಾಡಿಸಿದರು.

ಗೌಡರು ಲ್ಯಾಪ್‌ಟಾಪ್ ಕಡೆ ಗದ್ದ ಎತ್ತಿ ನನ್ನನ್ನು ಕೇಳಿದರು: "ಇದೇನು ಮಾಡತೈತಿ?" ಹೇಳಿದೆ. ಪುಸ್ತಕದ ಕನ್ನಡದಲ್ಲಿ ಮಾತಾಡಬೇಕು, ಒಬ್ಬರಾದ ಮೇಲೆ ಒಬ್ಬರು ಅಂತಲೂ ಹೇಳಿದೆ. ಅವರು ಅದನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು. ಗಂಟಲು ಸರಿಮಾಡಿಕೊಂಡರು. ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದರು:

"ನಾನು. ಪಾಳಿ ಬದಲಾಯಿಸಲು. ಒಪ್ಪುವುದಿಲ್ಲ."

ಅಕ್ಷರ ಅಕ್ಷರವಾಗಿ, ಒತ್ತಕ್ಷರ ಸಮೇತ ಬಂತು. ಮಾಮಾ ಬಾಗಿ ಓದಿದರು. "ಒಪ್ಪುವುದಿಲ್ಲ" ಎಂದು ಗಟ್ಟಿಯಾಗಿ ಹೇಳಿ, ಪುಸ್ತಕದಲ್ಲಿ ಬರೆದುಕೊಂಡರು. ಹಿಂದೆ ಕೂತಿದ್ದ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಗೌಡರು ನಗಲಿಲ್ಲ, ಆದರೆ ಲ್ಯಾಪ್‌ಟಾಪನ್ನು ಪಕ್ಕದವರಿಗೆ ತಾವೇ ದಾಟಿಸಿದರು.

ಕಾರ್ಯದರ್ಶಿ ಬದಲಾಯಿಸುವ ಮಾತನ್ನು ಯಾರೂ ಎತ್ತಲಿಲ್ಲ. ಹತ್ತು ಮಂದಿ ಒಟ್ಟಿಗೆ ಕೂಗಾಡುವ ಸಭೆಯಲ್ಲಿ ಆವತ್ತು ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಿದ್ದರು. ಪಾಳಿ ಮತ್ತೆ ಹಳೆಯದಕ್ಕೇ ಬಂತು. ಬೇಗ ಮನೆಗೆ ಬಂದೆವು.

ಅಷ್ಟಕ್ಕೂ ಯಾವ ಆ್ಯಪ್ ಒಳ್ಳೆಯದು ಅಂತ ನೀವು ಕೇಳಬಹುದು. ನಾಲ್ಕೂ ಒಳ್ಳೆಯವೇ. ಆರಿಸುವಾಗ ನಾನು ಎಲ್ಲವನ್ನೂ ಪರೀಕ್ಷಿಸಿದ್ದೆ: ನೆಟ್ಟಿನ ವೇಗ, ಲ್ಯಾಪ್‌ಟಾಪಿನ ವಯಸ್ಸು, ಒತ್ತಕ್ಷರ. ಅದನ್ನು ಬಳಸುವ ಮನುಷ್ಯನಿಗೆ ಯಾವುದು ಅನುಕೂಲ ಅಂತ ಅವರನ್ನೇ ಕೇಳಿರಲಿಲ್ಲ.

ಮರುವಾರ ಮಾಮಾನನ್ನು ವಿಜಯಪುರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಈಗ ಎರಡೂ ಕಿವಿಗೆ ಸಣ್ಣ ಯಂತ್ರ ಬಂದಿದೆ. ಎಲ್ಲವೂ ಕೇಳಿಸುತ್ತದೆ ಅಂತಲ್ಲ, ಮಾತಿನ ಕೊನೆ ಕೇಳಿಸುತ್ತದೆ. ನನ್ನ ಜೊತೆ ಮಾತ್ರ ಈಗಲೂ ಟೈಪ್ ಮಾಡಿಯೇ ಮಾತಾಡುತ್ತಾರೆ. ನನ್ನ ಕಾಗುಣಿತದ ಮೇಲೆ ಅವರಿಗೆ ನಂಬಿಕೆಯಿಲ್ಲ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ದನಿ ಎಷ್ಟಿತ್ತೆಂದರೆ ಫೋನನ್ನು ಕಿವಿಯಿಂದ ದೂರ ಹಿಡಿದೆ. "ಯಾಕ ಒದರತೀ ಅಂತ ದಿನಾ ಬೈತಾರ ಬೇ. ಎರಡ ವರ್ಷದ ರೂಢಿ, ನನ್ನ ಗಂಟಲ ಕೇಳವಲ್ದು" ಎಂದು ಗೋಳಾಡಿದಳು. ಆಮೇಲೆ ಬಹಳ ಗಂಭೀರವಾಗಿ ಕೇಳಿದಳು:

"ಸುಮಾ, ಸಣ್ಣ ದನಿಲೆ ಮಾತಾಡೂದು ಕಲಸೂ ಆ್ಯಪ್ ಯಾವುದರೆ ಐತೇನು?"