ಬೇಸ್ ಮಾಡೆಲ್‌ನ ಕೊನೆಯ ಕಾರು ಬಾಗೂರಿಗೆ ಹೋದದ್ದು

ಕೊರೋನಾದ ಗಲಾಟೆ ಮುಗಿದು ಮೂರು ವರ್ಷವಾಗಿತ್ತು. ಚಿತ್ರದುರ್ಗದಲ್ಲಿ ಹೆದ್ದಾರಿ ಪಕ್ಕದ ಒಂದು ಎಲೆಕ್ಟ್ರಿಕ್ ಕಾರಿನ ಶೋರೂಮಿನಲ್ಲಿ ನಾನಾಗ ಸರ್ವಿಸ್ ಮ್ಯಾನೇಜರ್. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ತಾಲ್ಲೂಕು ನಮ್ಮ ಪಾಲಿಗೇ ಬರುತ್ತಿದ್ದವು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಡೀಸೆಲ್ ಗಾಡಿಗಳ ಕೆಳಗೆ ಮಲಗಿ ಕೈ ಕರಿ ಮಾಡಿಕೊಂಡವನು ನಾನು. ಕೆಲಸ ಚೆನ್ನಾಗಿಯೇ ಬರುತ್ತಿತ್ತು, ಬಾಯಿ ಮಾತ್ರ ಸ್ವಲ್ಪ ಜೋರು. ಈಗಲೂ ಅಷ್ಟೇ ಅನ್ನುತ್ತಾಳೆ ನನ್ನ ಹೆಂಡತಿ.

ನಾವು ಮಾರುತ್ತಿದ್ದದ್ದು ಒಂದೇ ಕಾರು, ಆದರೆ ಅದರಲ್ಲಿ ಮೂರು ಬಗೆ. ಎಲ್ಲಕ್ಕಿಂತ ಅಗ್ಗದ್ದು ಬೇಸ್ ಮಾಡೆಲ್. ಅದರ ಬ್ಯಾಟರಿ ಚಿಕ್ಕದು, ಒಳಗಿನ ಅಲಂಕಾರವೂ ಕಡಿಮೆ. ಮೇಲಿನ ಎರಡು ಬಗೆಯ ಜೊತೆ ಗೋಡೆಗೆ ಕೂರಿಸುವ ಚಾರ್ಜರ್ ಬರುತ್ತಿತ್ತು. ಕಂಪನಿಯ ಎಲೆಕ್ಟ್ರಿಷಿಯನ್ನೇ ಮನೆಗೆ ಹೋಗಿ ಅದನ್ನು ಕೂರಿಸಿ ಬರುತ್ತಿದ್ದ. ಬೇಸ್ ಮಾಡೆಲ್‌ಗೆ ಆ ಭಾಗ್ಯವಿಲ್ಲ. ಒಂದು ಬ್ಯಾಗು, ಅದರೊಳಗೆ ಉದ್ದನೆಯ ವೈರು, ತುದಿಗೆ ಮೂರು ಪಿನ್ನಿನ ಪ್ಲಗ್ಗು. ಮನೆಯಲ್ಲಿ ಚುಚ್ಚಿಕೊಳ್ಳಿ ಅಂತ ಬ್ಯಾಗು ಕೈಗಿಟ್ಟು ನಮಸ್ಕಾರ ಹೇಳಿ ಕಳಿಸುತ್ತಿದ್ದೆವು.

ಆ ಬೇಸಿಗೆಯ ಶುರುವಿನಲ್ಲಿ ಬಾಗೂರಿನ ನಾಗವೇಣಿಯವರು ತಮ್ಮ ಲೋಕೇಶನ ಬೈಕಿನ ಹಿಂದೆ ಕುಳಿತು ಶೋರೂಮಿಗೆ ಬಂದರು. ಹೊಸದುರ್ಗದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವರದು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿನಲ್ಲಿ ಶಕ್ತಿ ಇರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದು, ಹೋಗುವುದಕ್ಕೂ ಬರುವುದಕ್ಕೂ ತಮ್ಮನ ಬೈಕೇ ಗತಿ. ಲೋಕೇಶನದು ಕುರಿ ಸಾಕಣೆ. ಅವನು ಮಂದೆ ಹೊಡೆದುಕೊಂಡು ದೂರ ಹೋದ ದಿನ ಅಕ್ಕನಿಗೆ ಬೇಡದ ರಜೆ.

ಟೆಸ್ಟ್ ಡ್ರೈವ್ ಕಾರಿನ ಸ್ಟೀರಿಂಗ್ ಮುಂದೆ ಕುಳಿತವರು ಕೆಳಗೆ ಬಗ್ಗಿ ನೋಡಿದರು. "ಕ್ಲಚ್ ಎಲ್ಲೈತ್ರಿ?"

"ಈ ಗಾಡಿಗೆ ಕ್ಲಚ್ಚೇ ಇಲ್ಲಮ್ಮ. ಗೇರೂ ಇಲ್ಲ. ಬಲಗಾಲೊಂದಿದ್ರೆ ಸಾಕು" ಎಂದೆ.

ಅವರು ಬಲಗಾಲನ್ನು ಪೆಡಲ್ ಮೇಲಿಟ್ಟು ನೋಡಿದರು. ಆಮೇಲೆ, "ಹಂಗಾರೆ ನಾನೇ ಓಡಿಸ್ಬೋದು!" ಎಂದರು. ಹಿಂದಿನ ಸೀಟಿನಿಂದ ಲೋಕೇಶ, "ಓಡ್ಸಕ್ಕಾ, ನಮ್ ಕುರಿ ಹಟ್ಟಿ ಒಂದು ಬಿಟ್ಟು ಎಲ್ಲಿಗಾದ್ರೂ ಓಡ್ಸು" ಎಂದು ಕಾಲೆಳೆದ. ಬ್ಯಾಂಕಿನವರು ಒಪ್ಪಿದ ಸಾಲಕ್ಕೆ ಎಟುಕುತ್ತಿದ್ದದ್ದು ಬೇಸ್ ಮಾಡೆಲ್ ಮಾತ್ರ. ಅದನ್ನೇ ಬುಕ್ ಮಾಡಿದರು. ಕಾರು ಬರುವಷ್ಟರಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸನ್ನೂ ಮಾಡಿಸಿಕೊಂಡರು. ಆ ಹೆಣ್ಣುಮಗಳ ಹಟ ಕಂಡು ನನಗೆ ಖುಷಿಯೋ ಖುಷಿ.

ಅಷ್ಟರಲ್ಲಿ ರೀಜನಲ್ ಮ್ಯಾನೇಜರ್ ಬಂದು ಮೀಟಿಂಗ್ ಕರೆದರು. ಬೇಸ್ ಮಾಡೆಲ್ ನಿಲ್ಲಿಸುತ್ತಿದ್ದೇವೆ ಎಂದರು. ಕಾರಣಗಳನ್ನೂ ಬಿಡಿಸಿ ಹೇಳಿದರು. ಜನ ಜಾಹೀರಾತಿನಲ್ಲಿ ಅಗ್ಗದ ಬೆಲೆ ನೋಡಿ ಬರುತ್ತಾರೆ, ಆದರೆ ಹೆಚ್ಚಿನವರು ಕೊಳ್ಳುವುದು ನಡುವಿನದನ್ನು. ಉಳಿದ ಕೆಲವರಿಗಾಗಿ ಫ್ಯಾಕ್ಟರಿಯಲ್ಲಿ ಚಿಕ್ಕ ಬ್ಯಾಟರಿಯನ್ನು ಬೇರೆಯಾಗಿಯೇ ತಯಾರಿಸಬೇಕು. ಹೀಗಾಗಿ ಅಗ್ಗದ ಕಾರು ಕಂಪನಿಗೆ ದುಬಾರಿ ಬೀಳುತ್ತದೆ. ಅಲ್ಲಿಯವರೆಗೆ ನಾನೂ ತಲೆಯಾಡಿಸಿದೆ, ಲೆಕ್ಕ ನ್ಯಾಯವಾಗಿಯೇ ಇತ್ತು.

ಆಮೇಲೆ ಬಂತು ನೋಡಿ ಮುಖಕ್ಕೆ ಹೊಡೆದಂಥ ಮಾತು. "ದೂರುಗಳೂ ಈ ಮಾಡೆಲ್ ಮೇಲೇ ಜಾಸ್ತಿ. ಅದರಲ್ಲೂ ನಿಮ್ಮ ಜಿಲ್ಲೆಯಿಂದ. ಚಾರ್ಜ್ ಆಗ್ತಿಲ್ಲ, ಚಾರ್ಜ್ ಆಗ್ತಿಲ್ಲ ಅಂತ ಒಂದೇ ಗೋಳು. ಕೊನೆಯದಾಗಿ ತಯಾರಾಗುವ ಕಾರುಗಳನ್ನು ದೂರು ಕಡಿಮೆ ಇರುವ ಕಡೆ ಕೊಡ್ತೀವಿ. ನಿಮ್ಮ ಬುಕಿಂಗ್‌ಗಳಿಗೆ ದುಡ್ಡು ವಾಪಸ್."

ನಾಗವೇಣಿಯವರಿಗೆ ಫೋನ್ ಮಾಡುವ ಕೆಲಸವನ್ನು ಸೇಲ್ಸ್‌ನವರು ಮೆಲ್ಲಗೆ ನನ್ನ ತಲೆಗೆ ಕಟ್ಟಿದರು. ಆ ಕಡೆಯಿಂದ ಅಳು ಬರುತ್ತದೆಂದು ಹೆದರಿದ್ದೆ. ಅದು ಬರಲಿಲ್ಲ. "ದುಡ್ಡು ತಗಂಡು ಏನ್ ಮಾಡ್ಲಣ್ಣ? ಲೈಸೆನ್ಸ್ ಕೈಯಾಗೈತೆ. ಮತ್ತೆ ಹೋಗಿ ಬೈಕಿನ್ ಹಿಂದೆ ಕುಂತ್ಕಳ್ಲಾ?" ಎಂದರು. ಅತ್ತಿದ್ದರೆ ಸಮಾಧಾನವಾದರೂ ಹೇಳಬಹುದಿತ್ತು. ಫೋನ್ ಇಟ್ಟವನಿಗೆ ಮೈಯೆಲ್ಲ ಉರಿಯಿತು. ಕಾರಿನಲ್ಲೇ ದೋಷವಿದ್ದರೆ ಎಲ್ಲ ಜಿಲ್ಲೆಯಲ್ಲೂ ಇರಬೇಕಲ್ಲ? ನಮ್ಮ ನೆಲಕ್ಕೆ ಮಾತ್ರ ಏನು ಶಾಪ? ಮೀಟರು ಎತ್ತಿಕೊಂಡು ದೂರು ಕೊಟ್ಟವರ ಮನೆಗೇ ಹೊರಟೆ.

ಮೊದಲು ಹೋದದ್ದು ಐಮಂಗಲದ ಹತ್ತಿರ ಪಾಲಾಕ್ಷಪ್ಪ ಎಂಬ ರೈತರ ತೋಟಕ್ಕೆ. ಅವರು ಕಾರನ್ನು ಪಂಪ್‌ಸೆಟ್ಟಿನ ಮನೆಯ ಮುಂದೆ ನಿಲ್ಲಿಸಿ, ಮೋಟಾರಿನ ಲೈನಿನಿಂದಲೇ ವೈರು ಎಳೆದಿದ್ದರು. ನಮ್ಮ ಕಡೆಯವರಿಗೆ ದಪ್ಪ ವೈರು, ದೊಡ್ಡ ಕರೆಂಟು ಅಂದರೆ ಪಂಪ್‌ಸೆಟ್ಟೇ.

"ಏನ್ ಗಾಡಿ ಕೊಟ್ಟೀರಿ ಸಾಮಿ? ಜಡ್ಡಾದ ಎಮ್ಮೆ ಮೇವು ಬಿಟ್ಟಂಗೆ ಕರೆಂಟೇ ಮುಟ್ಟವಲ್ದು!" ಎಂದು ನನ್ನ ಮೇಲೆ ಹರಿಹಾಯ್ದರು.

"ಯಜಮಾನ್ರೇ, ಇದು ಮೋಟಾರಿನ ಮೂರು ಫೇಸಿನ ಲೈನು, ಗಾಡಿ ತಿನ್ನೋದು ಮನೆ ಕರೆಂಟನ್ನ. ಮನೆಯಾಗೆ ಚುಚ್ಚಿ ನೋಡಿದ್ರಾ?"

"ಅಲ್ಲೂ ಅದೇ ಕೆಂಪು ದೀಪ. ಬರ್ರಿ, ನೀವೇ ನೋಡ್ರಿ."

ಮನೆಯ ಪ್ಲಗ್ಗಿಗೆ ಮೀಟರು ಹಿಡಿದೆ. ಕರೆಂಟು ಸರಿಯಾಗಿತ್ತು, ಅರ್ಥಿಂಗ್ ಮಾತ್ರ ಸೊನ್ನೆ. ಸೋರಿದ ಕರೆಂಟನ್ನು ಮನುಷ್ಯನ ಮೈಗೆ ತಾಗಿಸದೆ ನೆಲಕ್ಕೆ ಇಳಿಸುವ ದಾರಿಗೆ ಅರ್ಥಿಂಗ್ ಎನ್ನುತ್ತಾರೆ. ಪ್ಲಗ್ಗಿನಿಂದ ಅದಕ್ಕೆಂದೇ ಹೊರಟ ಹಸಿರು ವೈರು ಎಲ್ಲಿಗೆ ಹೋಗಿದೆ ಎಂದು ಹುಡುಕಿದರೆ, ಮನೆಯ ಹಿಂದೆ ಗೋಡೆಯ ಮೊಳೆಯೊಂದಕ್ಕೆ ಸುತ್ತಿ ಬಿಟ್ಟಿದ್ದರು! ಫ್ಯಾನು, ಟಿವಿಗಳಿಗೆ ಇದರ ಗೊಡವೆಯಿಲ್ಲ, ಅವು ಸುಮ್ಮನೆ ಓಡುತ್ತವೆ. ನಮ್ಮ ಕಾರು ಹಾಗಲ್ಲ. ಕರೆಂಟು ಎಳೆಯುವ ಮುಂಚೆ ಅರ್ಥಿಂಗ್ ಇದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಇಲ್ಲವೆಂದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಅದು ಕೆಟ್ಟಿರಲಿಲ್ಲ, ಪಾಲಾಕ್ಷಪ್ಪನವರ ಪ್ರಾಣ ಕಾಯುತ್ತಿತ್ತು.

ಮೇಲಿನ ಮಾಡೆಲ್‌ಗಳಿಂದ ದೂರು ಯಾಕಿಲ್ಲ ಎಂಬುದು ಆಗ ಹೊಳೆಯಿತು. ಗೋಡೆಯ ಚಾರ್ಜರ್ ಕೂರಿಸಲು ಹೋದವನು ಗುಂಡಿ ತೋಡಿ ಅರ್ಥಿಂಗನ್ನೂ ಮಾಡಿ ಬರುತ್ತಿದ್ದ. ಬ್ಯಾಗು ಕೊಟ್ಟು ಕಳಿಸಿದ ಮನೆಗೆ ನಮ್ಮವರು ಯಾರೂ ಕಾಲಿಟ್ಟಿರಲಿಲ್ಲ.

ಅಲ್ಲೇ ಗುಂಡಿ ತೋಡಿಸಿದೆ. ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದೆ. ಪಾಲಾಕ್ಷಪ್ಪನವರ ಹೆಂಡತಿ ಬಾಗಿಲಲ್ಲಿ ನಿಂತು, "ಏನ್ರೀ, ಹಿಂಗೆ ಉಪ್ಪು ಸುರೀತೀರಿ? ಉಪ್ಪಿನಕಾಯಿ ಹಾಕ್ತೀರೇನ್ರಿ?" ಎಂದು ನಗಾಡಿದರು. ಹಸಿರು ವೈರನ್ನು ಪೈಪಿಗೆ ಬಿಗಿದು ಪ್ಲಗ್ಗು ಚುಚ್ಚಿದೆ. ಕಾರಿನಲ್ಲಿ ಹಸಿರು ದೀಪ ಹತ್ತಿತು. "ಬಂತಲೇ! ಮೇವು ಮುಟ್ತಲೇ!" ಎಂದು ಪಾಲಾಕ್ಷಪ್ಪ ಟವೆಲ್ಲು ಬೀಸಿದರು.

"ನಮ್ಮದು ಒಣ ಸೀಮೆ. ಮಣ್ಣು ಒಣಗಿದ್ರೆ ಅರ್ಥಿಂಗ್ ಸತ್ತಂಗೆ. ಬೇಸಿಗೆಯಾಗೆ ದಿನಾ ಒಂದು ಬಿಂದಿಗೆ ನೀರು ಹಾಕ್ರಿ" ಎಂದು ಹೇಳಿ ಹೊರಟೆ.

ಆಮೇಲೆ ನಮ್ಮ ಹುಡುಗರನ್ನೆಲ್ಲ ಹೊರಡಿಸಿದೆ. ಹಿರಿಯೂರಿನ ಪೇಟೆ ಮನೆಗಳು, ಮಾಡದಕೆರೆಯ ಹೊಲದ ಮನೆಗಳು, ಹೊಳಲ್ಕೆರೆ ಕಡೆಯ ಹಳ್ಳಿಗಳು, ಹೋದಲ್ಲೆಲ್ಲ ಹೆಚ್ಚುಕಮ್ಮಿ ಇದೇ ಕತೆ. ಒಂದೋ ವೈರು ನೆಲ ಮುಟ್ಟಿಲ್ಲ, ಇಲ್ಲವೇ ನಮ್ಮ ಒಣ ಮಣ್ಣಿನಲ್ಲಿ ಅರ್ಥಿಂಗ್ ಸತ್ತಿದೆ. ಶೋರೂಮಿನ ಯಜಮಾನರು ಉಪ್ಪು, ಇದ್ದಿಲಿನ ಖರ್ಚಿಗೆ ಒಂದು ಮಾತೂ ಆಡಲಿಲ್ಲ, ಅವರಿಗೆ ನಾನು ಇಂದಿಗೂ ಋಣಿ. ಮಳೆಗಾಲ ಹತ್ತಿರ ಬರುವ ಹೊತ್ತಿಗೆ ದೂರಿನ ಫೋನುಗಳು ನಿಂತೇ ಹೋದವು. ಮೆಕ್ಯಾನಿಕ್ ಹುಡುಗರು ಎದೆಯುಬ್ಬಿಸಿ ಓಡಾಡತೊಡಗಿದರು. ನಾನೂ ಓಡಾಡಿದೆ, ಸುಳ್ಳೇಕೆ ಹೇಳಲಿ.

ರೀಜನಲ್ ಮ್ಯಾನೇಜರನ್ನು ಐಮಂಗಲಕ್ಕೇ ಕರೆದೊಯ್ದು ಗುಂಡಿ ತೋರಿಸಿದೆ. "ಸಾರ್, ದೋಷ ಕಾರಿನದಲ್ಲ. ಕಮ್ಮಿ ದುಡ್ಡು ಕೊಟ್ಟವರ ಮನೆಗೆ ನಾವು ಹೋಗಲೇ ಇಲ್ಲ, ಅದು ದೋಷ" ಎಂದೆ, ಸ್ವಲ್ಪ ಜೋರಾಗಿಯೇ. ಅವರು ಕೋಪ ಮಾಡಿಕೊಳ್ಳಲಿಲ್ಲ. ಬಗ್ಗಿ, ಪೈಪಿಗೆ ಬಿಗಿದ ಹಸಿರು ವೈರನ್ನು ಮುಟ್ಟಿ ನೋಡಿದರು.

"ಬೇಸ್ ಮಾಡೆಲ್ ಉಳಿಸೋಕೆ ನನ್ನ ಕೈಲಿ ಆಗಲ್ಲ. ಬ್ಯಾಟರಿ ಲೆಕ್ಕ ಹಾಗೇ ಇದೆಯಲ್ಲ. ಆದರೆ ನಿಮ್ಮ ಬುಕಿಂಗ್‌ಗಳ ಕಾರು ಕಳಿಸ್ತೀನಿ, ಇದು ನನ್ನ ಮಾತು" ಎಂದರು. ಮಾತು ಉಳಿಸಿಕೊಂಡರು.

ನಮಗೆ ಬಂದ ಬೇಸ್ ಮಾಡೆಲ್‌ಗಳಲ್ಲಿ ಕೊನೆಯದು ನಾಗವೇಣಿಯವರದು. ಆ ಸಲ ಕಾರಿಗಿಂತ ಮುಂಚೆ ನಾವೇ ಬಾಗೂರಿಗೆ ಹೋಗಿ ಗುಂಡಿ ತೋಡಿದ್ದೆವು. ಮಾಡೆಲ್ ಯಾವುದೇ ಇರಲಿ, ಮನೆಯ ಅರ್ಥಿಂಗ್ ನೋಡದೆ ಕೀಲಿ ಕೊಡಬಾರದು ಎಂಬ ಪದ್ಧತಿ ನಮ್ಮ ಶೋರೂಮಿನಲ್ಲಿ ಶುರುವಾದದ್ದು ಆ ಮನೆಯಿಂದಲೇ. ಅಗ್ಗದ್ದು ಕೊಂಡವರ ಮನೆಗೆ ಮೊದಲು ಹೋಗಬೇಕು, ಅವರಿಗೆ ಎರಡನೇ ಸಲ ಕೊಳ್ಳುವ ತಾಕತ್ತು ಇರುವುದಿಲ್ಲ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಕಾರು ಮನೆ ಮುಂದೆ ಬಂದ ದಿನ ಪೂಜೆ ಆಯಿತು, ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಯಿತು. ನಾಗವೇಣಿಯವರ ತಾಯಿ ಒಂದು ಬಿಂದಿಗೆ ನೀರು ತಂದು ಅರ್ಥಿಂಗ್ ಗುಂಡಿಗೆ ಹೊಯ್ದು, ಅದಕ್ಕೂ ಒಂದಿಷ್ಟು ಕುಂಕುಮ ಹಾಕಿದರು. ನಾಗವೇಣಿ ಒಬ್ಬರೇ ಕುಳಿತು ಹೊಸದುರ್ಗದ ಕೆಲಸಕ್ಕೆ ಹೊರಟರು. ನಾನು ಜೊತೆಗೆ ಬರಲಾ ಎಂದರೆ, "ಬ್ಯಾಡಣ್ಣ, ನಾನೇ ಹೋಗ್ತೀನಿ" ಎಂದರು. ಲೋಕೇಶನಿಗೆ ಜೀವ ತಡೆಯಲಿಲ್ಲ, ಬೈಕು ಸ್ಟಾರ್ಟ್ ಮಾಡಿದ. ಊರು ದಾಟುವವರೆಗೂ ನೋಡುತ್ತಾ ನಿಂತೆ. ಅಕ್ಕ ಮುಂದೆ, ತಮ್ಮ ಹಿಂದೆ.