ಭೀಮಣ್ಣನ ಹತ್ತು ನಿಮಿಷ

ಭೀಮಣ್ಣ ಬಸ್ಸು ಹತ್ತುವ ಮೊದಲು ಬಸ್ಸಿನ ಅಡಿಗೆ ಹೋಗುತ್ತಿದ್ದರು. ಚಂದಾಪುರದ ಕೆರೆ ಪಕ್ಕದ ಮೈದಾನಕ್ಕೆ ನಾವು ಹೆಂಗಸರು ಊಟದ ಡಬ್ಬಿ ಹಿಡಿದು ಬರುವ ಹೊತ್ತಿಗೆ ಅವರ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಪುಸ್ ಎಂದು ಗಾಳಿ ಹೊರಟು, ಅದರ ಹಿಂದೆಯೇ ಒಂದು ಲೋಟದಷ್ಟು ಕಂದು ನೀರು ನೆಲಕ್ಕೆ ಬೀಳುತ್ತಿತ್ತು. ಆಮೇಲೆ ಭೀಮಣ್ಣ ಹೊರಗೆ ಬಂದು, ಟವೆಲ್ಲಿನಿಂದ ಮೊಣಕೈ ಒರೆಸಿಕೊಳ್ಳುತ್ತ ಹೇಳುತ್ತಿದ್ದರು: "ಗಾಡಿಗೆ ನೆಗಡಿ ಆಗಿತ್ತು. ಸುಂಬಳ ತಗದೆ."

"ಥೂ, ಬೆಳಗ್ಗೆ ಬೆಳಗ್ಗೆ ಒಳ್ಳೆ ಮಾತು ಬರಲ್ವಾ ನಿಮ್ಗೆ?" ಎಂದು ಗಿರಿಜ ಬೈಯುತ್ತಿದ್ದಳು. ಗಿರಿಜ ಕಾರ್ಖಾನೆಯಲ್ಲಿ ನಮ್ಮ ಲೈನಿನವಳು, ನಾಲಿಗೆ ಹರಿತ.

ನಾನು ಜಿಗಣಿಯ ಒಂದು ವೈರ್ ಜೋಡಿಸುವ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮನ್ನು ಕರೆದೊಯ್ಯುವ ಬಸ್ಸು ಒಬ್ಬ ಕಂಟ್ರಾಕ್ಟರಿನದು. ಯಾರು ಯಾವ ಸ್ಟಾಪಿನಲ್ಲಿ ಹತ್ತಿದರು ಎಂದು ದಿನವೂ ಪಟ್ಟಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು, ಅಕ್ಷರ ದುಂಡಗಿದೆ ಎಂಬ ಒಂದೇ ಯೋಗ್ಯತೆಯ ಮೇಲೆ. ಪಟ್ಟಿ ಬರೆಯುವವಳಿಗೆ ಮುಂದಿನ ಸೀಟು. ಹೀಗೆ ನಾಲ್ಕು ವರ್ಷ ಭೀಮಣ್ಣನ ಪಕ್ಕದಲ್ಲಿ ಕುಳಿತು ಹೋಗಿಬಂದೆ.

ಅವರು ಹುನಗುಂದದ ಕಡೆಯವರು. ಐವತ್ತು ದಾಟಿತ್ತು, ತೆಳ್ಳಗಿನ ಆಳು. ಚಂದಾಪುರದಲ್ಲಿ ಒಂದು ರೂಮು ಮಾಡಿಕೊಂಡು ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು. ಹಾರ್ನ್ ಒತ್ತುವುದೆಂದರೆ ಅವರಿಗೆ ಸಂಕೋಚ. ಎಡಗಾಲಿಗೆ ಚಪ್ಪಲಿ ಹಾಕಿ, ಬಲಗಾಲಿನದನ್ನು ಕಳಚಿ ಸೀಟಿನ ಕೆಳಗಿಟ್ಟು ಬಸ್ಸು ಓಡಿಸುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದೆ.

"ಬ್ರೇಕಿನ ಕಾಲ್ರಿ ಅಕ್ಕಾರ ಇದು. ಎಷ್ಟು ಗಾಳಿ ಬಿಟ್ಟೆ ಅನ್ನೂದು ಅಂಗಾಲಿಗೆ ತಿಳೀಬೇಕು. ನಡುವ ಚಪ್ಪಲಿ ಯಾಕ?"

ಬ್ರೇಕಿಗೂ ಗಾಳಿಗೂ ಏನು ಸಂಬಂಧ ಎಂಬುದು ನನಗೆ ಗೊತ್ತಿರಲಿಲ್ಲ. ಕಾಲಿನಿಂದ ಒತ್ತಿದರೆ ಬಸ್ಸು ನಿಲ್ಲುತ್ತದೆ, ಅಷ್ಟೇ. ನನ್ನ ಪಟ್ಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಅವರು ವಿವರಿಸಿದರು. ಇಂಜಿನ್ ತಿರುಗುವಾಗ ಒಂದು ಪಂಪು ಗಾಳಿಯನ್ನು ಒತ್ತಿ ಒತ್ತಿ ಬಸ್ಸಿನ ಅಡಿಯ ಟ್ಯಾಂಕಿಗೆ ತುಂಬುತ್ತದೆ. ಗಾಳಿಯ ಜೊತೆ ತೇವವೂ ಬಂದು ತಳದಲ್ಲಿ ನೀರಾಗಿ ನಿಲ್ಲುತ್ತದೆ. ದಿನವೂ ಆ ನೀರನ್ನು ಬಿಡದಿದ್ದರೆ ಒಳಗಿನ ವಾಲ್ವುಗಳು ತುಕ್ಕು ಹಿಡಿಯುತ್ತವೆ. ಕಾಲಿನಿಂದ ಒತ್ತಿದಾಗ ಟ್ಯಾಂಕಿನ ಗಾಳಿ ಪೈಪಿನಲ್ಲಿ ಓಡಿ, ಪ್ರತಿ ಚಕ್ರದ ಹತ್ತಿರ ಇರುವ ಡಬ್ಬಿಯೊಂದಕ್ಕೆ ನುಗ್ಗುತ್ತದೆ. ಡಬ್ಬಿಯೊಳಗೆ ರಬ್ಬರಿನ ಪರದೆ. ಅದು ಉಬ್ಬಿದರೆ ಸರಳು ಮುಂದೆ ಬರುತ್ತದೆ, ಸರಳು ಸನ್ನೆಕೋಲನ್ನು ತಿರುಗಿಸುತ್ತದೆ, ಚಕ್ರದ ಒಳಗಿನ ಬ್ರೇಕ್ ಪಟ್ಟಿಗಳು ಅಗಲವಾಗಿ, ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಕಚ್ಚುತ್ತವೆ.

"ಹಿಂದಿನ ಗಾಲಿ ಡಬ್ಬಿ ಬ್ಯಾರೆ," ಎಂದರು. "ಅದರಾಗ ಒಂದು ದೊಡ್ಡ ಸ್ಪ್ರಿಂಗ್ ಐತಿ, ಹೋರಿ ಇದ್ದಂಗ. ಗಾಲಿ ಹಿಡಿಯೂದ ಅದರ ಕೆಲಸ. ಗಾಳಿ ಅದನ್ನ ಹಿಂದ ನೂಕಿ ಇಟ್ಟಿರತೈತಿ. ಹೋರಿ ಮೂಗುದಾಣ ಬಿಟ್ರ ಓಡತೈತಿ. ಇಲ್ಲಿ ಉಲ್ಟಾ. ಗಾಳಿ ಬಿಟ್ರ ಗಾಡಿ ನಿಂದರತೈತಿ."

ಆ ಬಸ್ಸು ಹಳೆಯದು. ರಾತ್ರಿ ನಿಂತಲ್ಲೇ ಮುಕ್ಕಾಲು ಗಾಳಿ ಸೋರಿಹೋಗುತ್ತಿತ್ತು. ಬೆಳಿಗ್ಗೆ ಇಂಜಿನ್ ಹಚ್ಚಿದರೆ ಕೀಂ ಎಂದು ಬಜರ್ ಕೂಗುತ್ತಿತ್ತು. ಗಾಳಿ ಮೀಟರಿನ ಮುಳ್ಳು ನಿಧಾನವಾಗಿ ಮೇಲೇರಿ ಕೆಂಪು ದಾಟಿದ ಮೇಲೆ ಕೂಗು ನಿಲ್ಲುತ್ತಿತ್ತು. ಭೀಮಣ್ಣ ಆಗಲೂ ಹೊರಡುತ್ತಿರಲಿಲ್ಲ. ಮುಳ್ಳು ತಾವು ಬಳಪದಿಂದ ಗುರುತು ಮಾಡಿದ್ದ ಗೆರೆಗೆ ಬರಬೇಕು. ಬಂದ ಮೇಲೆ ಇಂಜಿನ್ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡಿದು, ಮುಳ್ಳು ಇಳಿಯುತ್ತದೆಯೇ, ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ನೋಡುತ್ತಿದ್ದರು. ಎಲ್ಲ ಸೇರಿ ಹತ್ತು ನಿಮಿಷ.

ಆ ಹತ್ತು ನಿಮಿಷ ನಮಗೆ ಮುಳ್ಳಿನ ಮೇಲೆ ಕುಳಿತಂತೆ. ಗೇಟಿನಲ್ಲಿ ಹದಿನೈದು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಯಿತು. ದಾರಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಸಾಕು.

"ಭೀಮಣ್ಣ, ನಿಮ್ ಗಾಳಿ ಪೂಜೆ ಆಯ್ತಾ? ಮಂಗಳಾರತಿ ತರ್ಲಾ?" ಎಂದು ಗಿರಿಜ ಹಿಂದಿನಿಂದ ಕೂಗುತ್ತಿದ್ದಳು.

"ಪ್ರಸಾದ ತಿಂದ ಹೋಗವಾ ತಂಗಿ. ಅವಸರ ಯಾಕ?"

ಒಂದು ದಿನ ಜಿಗಣಿ ರಸ್ತೆಯ ಕೆರೆ ಏರಿಯ ಮೇಲೆ ಟಪ್ ಎಂದು ಸದ್ದಾಯಿತು. ಗಾಳಿ ಭುಸುಗುಟ್ಟಿತು, ಬಜರ್ ಕೂಗಿತು, ಬಸ್ಸು ಭಾರವಾಗಿ ತಾನೇ ನಿಂತುಬಿಟ್ಟಿತು. ಹಿಂದಿನ ಚಕ್ರಕ್ಕೆ ಗಾಳಿ ಒಯ್ಯುವ ರಬ್ಬರ್ ಪೈಪು ಒಡೆದಿತ್ತು. ಯಾರೋ "ಬ್ರೇಕ್ ಫೇಲ್" ಎಂದು ಕಿರುಚಿದರು.

"ಫೇಲ್ ಅಲ್ರವಾ, ಪಾಸಾಗೈತಿ," ಎಂದರು ಭೀಮಣ್ಣ. "ಗಾಳಿ ಹೋತು, ಸ್ಪ್ರಿಂಗ್ ಹಿಡಕೊಂತು. ಇಳೀರಿ."

ಹಿಂದೆ ಬಂದ ಲಾರಿಯ ಡ್ರೈವರ್ ಇಳಿದು ಬಂದ. "ಏನ್ ಗುರು, ಡಬ್ಬಿ ಹಿಂದೆ ಬೋಲ್ಟ್ ಇದ್ಯಲ್ಲ, ತಿರುಗ್ಸಿ ಸ್ಪ್ರಿಂಗ್ ಕಟ್ಟಾಕು. ಬ್ರೇಕ್ ಬಿಟ್ಕೊಳತ್ತೆ. ಆರಾಮಾಗಿ ಫ್ಯಾಕ್ಟರಿ ಸೇರ್ಕೋತೀಯ."

"ಕಟ್ಟತೀನಿ. ಖಾಲಿ ಗಾಡಿ ಬದೀಗೆ ತಗೋಳಾಕ," ಎಂದರು ಭೀಮಣ್ಣ. "ನಲವತ್ತು ಮಂದಿ ಹೆಣ್ಮಕ್ಕಳ್ನ ಕುಂದರ್ಸ್ಕೊಂಡು ಹೋಗಾಕಲ್ಲ."

ನಾವು ಬೇಡಿಕೊಂಡೆವು. ಮುಂದಿನ ಚಕ್ರದ ಬ್ರೇಕು ಇದೆಯಲ್ಲ, ನಿಧಾನವಾಗಿ ಹೋಗೋಣ ಎಂದೆವು. ಅವರು ಕೇಳಲಿಲ್ಲ. ಎಲ್ಲರನ್ನೂ ಇಳಿಸಿ, ಬೋಲ್ಟು ತಿರುಗಿಸಿ, ಬಸ್ಸನ್ನು ಆಮೆಯಂತೆ ಬದಿಗೆ ತಂದು, ಚಕ್ರಕ್ಕೆ ಕಲ್ಲು ಕೊಟ್ಟು ಮೆಕ್ಯಾನಿಕ್ಕಿಗೆ ಫೋನು ಹಚ್ಚಿದರು. ನಾವು ಆಟೋದಲ್ಲಿ ತುರುಕಿಕೊಂಡು, ಕೆಲವರು ನಡೆದು ಕಾರ್ಖಾನೆ ಸೇರುವಾಗ ಮುಕ್ಕಾಲು ಗಂಟೆ ತಡ. ಎಲ್ಲರಿಗೂ ಅರ್ಧ ದಿನ ಕಡಿತವಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಗಿರಿಜ ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟಳು. "ಸರೋಜಕ್ಕ, ಕಂಟ್ರಾಕ್ಟರಿಗೆ ಅರ್ಜಿ ಬರಿ. ನಿನ್ ಅಕ್ಷರ ಚೆನ್ನಾಗಿದೆ. ಈ ಯಪ್ಪನ್ನ ಮೊದ್ಲು ಬದಲಾಯಿಸ್ಲಿ."

ನಾನು ಬರೆದೆ. ಅರ್ಜಿ ಎಂದರೆ ಅರ್ಜಿಯ ಹಾಗೆ ಇರಬೇಕಲ್ಲ, "ಚಾಲಕರು ವಿನಾಕಾರಣ ವಿಳಂಬ ಮಾಡುತ್ತಾರೆ" ಎಂದು ಬರೆದೆ. ಮೂವತ್ತೆಂಟು ಜನ ಸಹಿ ಹಾಕಿದರು. ಮೊದಲನೆಯದು ನನ್ನದೇ.

ಮುಂದಿನ ಸೋಮವಾರ ಸ್ಟೇರಿಂಗಿನ ಹಿಂದೆ ಲೋಕೇಶ ಕುಳಿತಿದ್ದ. ಆನೇಕಲ್ ಕಡೆಯವನು, ಮೂವತ್ತರ ಪ್ರಾಯ, ಹಾಡು ಹಚ್ಚುತ್ತಿದ್ದ. ನಾವು ಹತ್ತಿದ ಕೂಡಲೇ ಹೊರಟುಬಿಡುತ್ತಿದ್ದ. ಕಾರ್ಖಾನೆಗೆ ಹತ್ತು ನಿಮಿಷ ಮೊದಲೇ ಸೇರಿ, ಗೇಟಿನೆದುರು ಟೀ ಕುಡಿದು ಒಳಗೆ ಹೋಗುವ ಸುಖ ನಮಗೆ ಸಿಕ್ಕಿತು. ಭೀಮಣ್ಣನ ಸುದ್ದಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಪಟ್ಟಿ ಬರೆದು ತಲೆಯೆತ್ತಿದಾಗ ಮುಳ್ಳು ಕಣ್ಣಿಗೆ ಬಿತ್ತು. ಎಲ್ಲೋ ಸೋರುತ್ತಿರಬೇಕು, ಇನ್ನೂ ಕೆಂಪಿನಲ್ಲೇ ಇತ್ತು. ಬಸ್ಸು ಮಾತ್ರ ಜೋರಾಗಿ ಓಡುತ್ತಿತ್ತು. ಬಜರ್ ಕೂಗುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ವೈರು ಕಿತ್ತು ನೇತಾಡುತ್ತಿತ್ತು. ವೈರು ಜೋಡಿಸುವುದೇ ನನ್ನ ಕಸುಬು, ಅದು ತಾನಾಗಿ ಬಿದ್ದದ್ದಲ್ಲ.

"ಲೋಕೇಶ, ಬಜರ್ ಯಾಕೆ ಕೂಗ್ತಿಲ್ಲ?"

"ತಲೆನೋವು ಕಣಕ್ಕ ಅದು. ಕಿತ್ತಾಕ್ದೆ."

"ಗಾಳಿ ಇಲ್ದೆ ಹಿಂದಿನ ಬ್ರೇಕ್ ಹೆಂಗೆ ಬಿಡ್ತು?"

ಅವನು ನಕ್ಕ. "ಪರ್ವಾಗಿಲ್ವೆ, ಮೆಕ್ಯಾನಿಕ್ ಆಗ್ಬಿಟ್ಯಲ್ಲಕ್ಕ. ಬೋಲ್ಟ್ ತಿರುಗ್ಸಿ ಸ್ಪ್ರಿಂಗ್ ಕಟ್ಟಾಕಿದೀನಿ. ಇಲ್ದಿದ್ರೆ ಹತ್ತತ್ತು ನಿಮಿಷ ಯಾರು ಕಾಯ್ತಾರೆ? ನೀವೇ ತಾನೇ ಅರ್ಜಿ ಕೊಟ್ಟಿದ್ದು?"

ಜಿಗಣಿ ಸರ್ಕಲ್ಲಿನಲ್ಲಿ ಕಲ್ಲು ಚಪ್ಪಡಿ ಹೇರಿದ ಲಾರಿಯೊಂದು ಸಿಗ್ನಲ್ಲಿಗೆ ನಿಂತಿತ್ತು. ಲೋಕೇಶ ಬ್ರೇಕ್ ಒತ್ತಿದ. ಮತ್ತೆ ಒತ್ತಿದ. ಒತ್ತಿದಷ್ಟೂ ಮುಳ್ಳು ಇಳಿಯಿತು. ಮೂರನೆಯ ಸಲಕ್ಕೆ ಕಾಲು ಕೊನೆತನಕ ಹೋಯಿತು. ಬಸ್ಸು ಜಾರುತ್ತ ಜಾರುತ್ತ ಹೋಗಿ ನಿಂತಾಗ, ಚಪ್ಪಡಿಗಳ ಅಂಚು ಗಾಜಿನಿಂದ ಒಂದು ಗೇಣು ದೂರದಲ್ಲಿತ್ತು. ಗರಗಸದ ಗೀರುಗಳನ್ನು ಎಣಿಸಬಹುದಿತ್ತು. ಹಿಂದಿನ ಸೀಟಿನವರಿಗೆ ಏನೂ ತಿಳಿಯಲಿಲ್ಲ.

ನಾನು ಎದ್ದು ಎಲ್ಲರನ್ನೂ ಇಳಿಯಲು ಹೇಳಿದೆ.

"ನಿಂಗೇನ್ ಬಂತು ಸರೋಜಕ್ಕ? ಇನ್ನು ಎರಡೇ ಕಿಲೋಮೀಟ್ರು," ಎಂದು ಗಿರಿಜ ರೇಗಿದಳು. "ನೀನೂ ಭೀಮಣ್ಣ ಆಗ್ಬಿಟ್ಯಾ?"

ಮುಂದೆ ಬಂದು ಚಪ್ಪಡಿ ನೋಡಿದ ಮೇಲೆ ಅವಳೇ ಮೊದಲು ಇಳಿದಳು. ಅವತ್ತೂ ಅರ್ಧ ದಿನ ಹೋಯಿತು.

ಕಂಟ್ರಾಕ್ಟರ್ ಬೋಲ್ಟು ಬಿಚ್ಚಿಸಿದರು, ಸೋರಿಕೆ ಮುಚ್ಚಿಸಿದರು, ವೈರು ಜೋಡಿಸಿದರು, ಲೋಕೇಶನಿಗೆ ಬೈದರು. ನಾನು ಇನ್ನೊಂದು ಅರ್ಜಿ ಬರೆದೆ: ಭೀಮಣ್ಣನವರು ಒಳ್ಳೆಯ ಚಾಲಕರು, ಅವರನ್ನೇ ಮರಳಿ ಕಳಿಸಿಕೊಡಿ. ಮೂವತ್ತೆಂಟು ಸಹಿಗಳೂ ಬಿದ್ದವು. ಅವರು ಹೆಬ್ಬಗೋಡಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದಾರೆಂದು ತಿಳಿಯಿತು. ಕಂಟ್ರಾಕ್ಟರಿಗೆ ಕೊಡುವ ಮೊದಲು ಒಂದು ಮಾತು ಕೇಳೋಣವೆಂದು ಭಾನುವಾರ ಅಲ್ಲಿಗೆ ಹೋದೆ.

ಬೋರ್‌ವೆಲ್ಲಿನ ಹತ್ತಿರ ಟ್ಯಾಂಕರಿಗೆ ನೀರು ತುಂಬುತ್ತಿತ್ತು. ಭೀಮಣ್ಣ ನೆರಳಲ್ಲಿ ಕುಳಿತಿದ್ದರು. "ಬರ್ರಿ ಅಕ್ಕಾರ, ಚಾ ಕುಡೀತೀರೇನು?" ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು "ಯಾರಿಗೂ ಏನೂ ಆಗ್ಲಿಲ್ಲ ಹೌದಿಲ್ಲೋ?" ಎಂದು ಎರಡು ಸಲ ಕೇಳಿದರು. ಆಮೇಲೆ ಅರ್ಜಿ ತೆಗೆದುಕೊಂಡು ನಿಧಾನವಾಗಿ ಓದಿದರು.

"ಆವತ್ತಿಂದೂ ನೀವ ಬರದಿದ್ರಿ," ಎಂದರು. "ಕಂಟ್ರಾಕ್ಟರ್ ತೋರಿಸ್ದ. ದಿನಾ ನಿಮ್ಮ ಪಟ್ಟಿ ನೋಡಾಂವ ನಾನು, ಅಕ್ಷರ ಗೊತ್ತಾಗೂದಿಲ್ಲೇನು?"

"ಹೌದು, ನಾನೇ ಬರ್ದಿದ್ದು," ಎಂದೆ.

"ಬರೀರಿ, ಅದಕ್ಕೇನಿಲ್ಲ. ಪಗಾರ ಹೋತು, ಸಿಟ್ಟು ಬಂತು. ಆದ್ರ ವಿನಾಕಾರಣ ಅಂತ ಬರದಿದ್ರಿ ನೋಡ್ರಿ. ಕಾರಣ ಹೇಳಿದ್ದೆ ನಾ. ಚಿತ್ರಾ ಬರದು ಹೇಳಿದ್ದೆ."

"ತಪ್ಪಾಯ್ತು ಭೀಮಣ್ಣ," ಎಂದೆ. "ವಾಪಸ್ ಬನ್ನಿ."

"ನಾ ಬಂದ್ರ ಲೋಕ್ಯಾ ಹೋಗ್ತಾನ. ಅಂವಗೂ ಮಕ್ಕಳದಾವ. ಮತ್ತ ಆ ಹತ್ತು ನಿಮಿಷ ಎಲ್ಲಿಂದ ಬರತೈತಿ? ನಾಲ್ಕು ತಿಂಗಳಿಗೆ ಇನ್ನೊಂದು ಅರ್ಜಿ ಬರೀತೀರಿ." ಅವರು ನನ್ನ ಪೆನ್ನು ಇಸಿದುಕೊಂಡು ಅರ್ಜಿಯಲ್ಲಿದ್ದ ತಮ್ಮ ಹೆಸರಿನ ಮೇಲೆ ಗೆರೆ ಎಳೆದರು. "ನನ್ನ ಹೆಸರು ಬ್ಯಾಡ. ಹೊತ್ತು ಕೇಳ್ರಿ. ಡ್ರೈವರ್ ಯಾರ ಇರಲಿ, ಹತ್ತು ನಿಮಿಷ ಮೊದಲ ಬಂದು ಗಾಡಿ ಹಚ್ಚಲಿ. ಅದಕ್ಕ ಪಗಾರ ಕೊಡಂತ ಹೇಳ್ರಿ."

ಟ್ಯಾಂಕರ್ ತುಂಬಿ ನೀರು ಹೊರಚೆಲ್ಲಿತು. ಅವರು ಓಡಿಹೋಗಿ ಪೈಪು ತೆಗೆದರು. ಅದೇ ಕೊನೆಯ ಭೇಟಿ.

ಅರ್ಜಿಯನ್ನು ಹೊಸದಾಗಿ ಬರೆದು ಮತ್ತೆ ಎಲ್ಲರ ಸಹಿ ಹಾಕಿಸಿದೆ. ಕಂಟ್ರಾಕ್ಟರ್ ಚೌಕಾಸಿ ಮಾಡಿ ಏಳು ನಿಮಿಷಕ್ಕೆ ಒಪ್ಪಿದರು. ಈಗ ಲೋಕೇಶ ಮೊದಲೇ ಬಂದು ಟ್ಯಾಂಕಿನ ನೀರು ಬಿಟ್ಟು ಇಂಜಿನ್ ಹಚ್ಚಿರುತ್ತಾನೆ. ಏಳು ನಿಮಿಷಕ್ಕೆ ಮುಳ್ಳೇನೋ ಗೆರೆಗೆ ಬರುತ್ತದೆ. ಇಂಜಿನ್ ಆರಿಸಿ, ಬ್ರೇಕ್ ಒತ್ತಿ ಹಿಡಿದು ನೋಡುವುದಕ್ಕೆ ಮಾತ್ರ ಹೊತ್ತು ಉಳಿಯುವುದಿಲ್ಲ. ಇಷ್ಟು ಸಾಕೇ ಎಂದು ಕೇಳಲು ಮತ್ತೆ ಹೆಬ್ಬಗೋಡಿಗೆ ಹೋದೆ. ಟ್ಯಾಂಕರಿನಲ್ಲಿ ಬೇರೆ ಯಾರೋ ಇದ್ದರು. "ಊರಿಗೋದ್ರು ಅಕ್ಕ, ಬರೋ ಹಾಗೆ ಕಾಣಲ್ಲ," ಎಂದರು. ಫೋನು ಹಚ್ಚಿದೆ, ಆ ನಂಬರು ಈಗ ಬಳಕೆಯಲ್ಲಿಲ್ಲವಂತೆ.

ಉಳಿದ ಮೂರು ನಿಮಿಷಕ್ಕಾಗಿ ಇನ್ನೊಂದು ಅರ್ಜಿ ಬರೆದಿದ್ದೇನೆ. ನಾಳೆ ಸಹಿಗೆ ಕೊಡಬೇಕು. ಈ ಸಲ ಕಾರಣವನ್ನು ಮೊದಲನೆಯ ಸಾಲಿನಲ್ಲೇ ಹಾಕಿದ್ದೇನೆ.