ಮುಚ್ಚಿಟ್ಟ ಬೇಳೆಕಟ್ಟು

ಇವತ್ತು ಹೆಂಡತಿ ಮಗಳಿಗೆಂದು ಬೆಂದ ತೊಗರಿಬೇಳೆಯ ಕಟ್ಟು ಬಸಿಯುತ್ತಿದ್ದಳು. ಆ ವಾಸನೆಗೆ ತಾಂಡೂರಿನ ನಮ್ಮ ಅಡುಗೆಮನೆ ನೆನಪಾಯಿತು.

ಜ್ವರ ಬಿಟ್ಟ ತಮ್ಮನಿಗೆ ಅವ್ವ ದಿನಾ ಸಂಜೆ ಒಂದು ಬಟ್ಟಲು ಕಟ್ಟು ಮುಚ್ಚಿಡುತ್ತಿದ್ದಳು. ಮುಚ್ಚಿಡುತ್ತಾಳೆಂದರೆ ಅದರಲ್ಲಿ ತುಪ್ಪವಿದೆ ಎಂದೇ ನನ್ನ ಗುಮಾನಿ. ಒಂದು ಸಂಜೆ ಕದ್ದು ಕುಡಿದೆ. ತುಪ್ಪವಿರಲಿಲ್ಲ, ಖಾರವೂ ಇರಲಿಲ್ಲ. ಆದರೂ ತಳ ಕಾಣುವವರೆಗೆ ಬಿಡಲಿಲ್ಲ.

"ಯಾರ್ ಕುಡದ್ರು ಇದನ್ನ?" ಅವ್ವ ಕೇಳಿದಳು.

"ನಾನ ಕುಡದೀನಿ ಅವ್ವಾ," ಎಂದ ತಮ್ಮ, ಹಾಸಿಗೆಯಿಂದಲೇ.

ಅವ್ವ ನನ್ನ ಕಡೆ ತಿರುಗಿದಳು. "ಹಂಗಾದ್ರ ನಿನಗ ಈ ಹಳದಿ ಮೀಸಿ ಎಲ್ಲಿಂದ ಬಂತು?"

ಮತ್ತೆ ಬೇಳೆ ಬೇಯುವವರೆಗೆ ತಮ್ಮ ಹಸಿದೇ ಕೂತಿದ್ದ. ನನ್ನನ್ನು ಉಳಿಸಲು ಸುಳ್ಳು ಹೇಳಿದನೆಂದು ಇಷ್ಟು ವರ್ಷ ನಂಬಿದ್ದೆ. ಈಗ ಮಗಳು ಬಟ್ಟಲನ್ನು ದೂರ ತಳ್ಳುವುದನ್ನು ನೋಡಿದರೆ, ಆ ಸಪ್ಪೆ ಕಟ್ಟು ತಪ್ಪಲೆಂದೇ ಹೇಳಿದನೇನೋ ಎಂಬ ಅನುಮಾನ.